ಎಳೆಯರಿಗೆ ಎಡೆಯಿಲ್ಲದ ಊರು

ಕಳೆದ ತಿಂಗಳ ಒಂದು ಭಾನುವಾರ ಬೆಳಿಗ್ಗೆ ನಮ್ಮ ಬೀದಿಯ ರಾಯರು ಬಣ್ಣಬಣ್ಣದ ಪುಸ್ತಿಕೆಯೊಂದನ್ನು ಕೈಯಲ್ಲಿ ಹಿಡಿದು ಮನೆಗೆ ಬಂದರು. ಬೆಂಗಳೂರಿನ ಹೊರವಲಯದಲ್ಲಿ ವಯಸ್ಸಾದವರಿಗೆಂದೇ ಕಟ್ಟಿರುವ ಬಡಾವಣೆಯೊಂದರ ವಿವರ ಅದರಲ್ಲಿತ್ತು. ಎಲ್ಲರಿಗೂ ಸೇರಿ ಒಂದು ಊಟದ ಮನೆ, ಕರೆದರೆ ಬರುವ ವೈದ್ಯರು, ನೆರಳಿನ ಕಾಲುಹಾದಿ, ಭಜನೆಗೊಂದು ಮಂದಿರ, ಎಡವದಂತೆ ಸಮ ಮಾಡಿದ ಹೊಸ್ತಿಲು, ಸ್ನಾನದ ಮನೆಯಲ್ಲಿ ಹಿಡಿದುಕೊಳ್ಳಲು ಕಂಬಿ, ಯಾವುದಕ್ಕೂ ಕೊರತೆ ಇರಲಿಲ್ಲ. ಕೊನೆಯ ಪುಟದಲ್ಲಿ ಸಣ್ಣ ಅಕ್ಷರಗಳಲ್ಲಿ ನಿಯಮಗಳನ್ನು ಅಚ್ಚುಹಾಕಿದ್ದರು. ಅವುಗಳಲ್ಲಿ ಎರಡರ ಕೆಳಗೆ ರಾಯರು ಪೆನ್ಸಿಲಿನಿಂದ ಗೆರೆ ಎಳೆದಿದ್ದರು. ಐವತ್ತೈದು ತುಂಬದವರು ಅಲ್ಲಿ ಖಾಯಮಾಗಿ ವಾಸಮಾಡುವಂತಿಲ್ಲ. ಮಕ್ಕಳು ಮೊಮ್ಮಕ್ಕಳು ಅತಿಥಿಗಳಾಗಿ ಬಂದಿರಬಹುದು. ಆದರೆ ವರ್ಷಕ್ಕೆ ಮೂವತ್ತು ದಿನಗಳನ್ನು ಮೀರುವಂತಿಲ್ಲ.

“ನೀವು ಇತಿಹಾಸದ ಮೇಷ್ಟ್ರು. ಇಂಥ ಊರುಗಳನ್ನು ಮೊದಲು ಕಟ್ಟಿದವರು ಯಾರು, ಅಲ್ಲಿಗೆ ಹೋದವರ ಗತಿ ಏನಾಯಿತು, ಸ್ವಲ್ಪ ನೋಡಿ ಹೇಳಿ. ಬರುವ ತಿಂಗಳು ಹತ್ತನೆಯ ತಾರೀಖಿನೊಳಗೆ ಮುಂಗಡ ಕಟ್ಟಬೇಕಂತೆ. ಕಟ್ಟಬೇಕಾದರೆ ಈ ಮನೆ ಮಾರಬೇಕು” ಎಂದರು.

ರಾಯರಿಗೆ ಎಪ್ಪತ್ತೊಂದು ವರ್ಷ. ಅವರ ಪತ್ನಿಗೆ ಅರವತ್ತಾರು. ಮಗ ಪರದೇಶದಲ್ಲಿದ್ದಾನೆ. ಮಗಳು ಹುಬ್ಬಳ್ಳಿಯಲ್ಲಿ ಕೆಲಸದಲ್ಲಿದ್ದಾಳೆ. ಎರಡು ವರ್ಷದ ಹಿಂದೆ ಅಳಿಯ ತೀರಿಕೊಂಡ. ಹನ್ನೊಂದು ವರ್ಷದ ಒಬ್ಬ ಹುಡುಗನಿದ್ದಾನೆ. ಗೆರೆ ಎಳೆದ ಆ ಎರಡು ನಿಯಮಗಳ ವಿಷಯವಾಗಿ ರಾಯರು ಬೇರೆ ಮಾತಾಡಲಿಲ್ಲ. ಆಡಬೇಕಾದ ಅಗತ್ಯವೂ ನನಗೆ ಕಾಣಲಿಲ್ಲ. ನಾನು ಪುಸ್ತಿಕೆಯನ್ನು ತೆಗೆದುಕೊಂಡು, ನೋಡಿ ಹೇಳುವೆನೆಂದು ಒಪ್ಪಿಕೊಂಡೆ. ನೋಡಿದುದನ್ನು ವಾಚಕರ ಮುಂದೆಯೂ ಇಡುತ್ತಿದ್ದೇನೆ. ರಾಯರ ಪ್ರಶ್ನೆ ಈಗ ರಾಯರೊಬ್ಬರ ಪ್ರಶ್ನೆಯಾಗಿ ಉಳಿದಿಲ್ಲವಷ್ಟೆ.

ವಯಸ್ಸಾದ ಮೇಲೆ ಮನೆಯಿಂದ ಹೊರಡುವ ಕಲ್ಪನೆ ನಮಗೇನೂ ಹೊಸದಲ್ಲ. ತಲೆ ನರೆತು, ಮಗನ ಮಗನ ಮುಖ ನೋಡಿದವನು ಕಾಡಿಗೆ ನಡೆಯಬೇಕೆಂದು ಧರ್ಮಶಾಸ್ತ್ರಗಳು ವಿಧಿಸಿದುವು. ಎಷ್ಟು ಜನ ನಡೆದರೋ ಹೇಳುವುದು ಕಷ್ಟ. ಆದರೆ ನಮ್ಮ ಕಾವ್ಯಗಳ ಕಾಡು ಮುದುಕರ ಏಕಾಂತವಾಗಿರಲಿಲ್ಲ ಎಂಬುದನ್ನು ಗಮನಿಸಬೇಕು. ಕಾಳಿದಾಸನ ಶಾಕುಂತಲದಲ್ಲಿ ಸಿಂಹದ ಮರಿಯ ಬಾಯಿ ತೆರೆಸಿ ಹಲ್ಲೆಣಿಸುವ ಹುಡುಗ ಬೆಳೆದದ್ದು ತಪಸ್ವಿಗಳ ಆಶ್ರಮದಲ್ಲೇ. ಅತಿಥಿಯಾಗಿ ಮೂವತ್ತು ದಿನ ಮಾತ್ರ ಇರು ಎಂದು ಅವನಿಗೆ ಯಾರೂ ಹೇಳಿದಂತಿಲ್ಲ. ವಯಸ್ಸಿನ ಬೇಲಿ ಹಾಕಿ ಊರು ಕಟ್ಟುವುದು ತೀರ ಈಚಿನ ಮಾತು. ಅದರ ಹುಟ್ಟೂರು ಅಮೆರಿಕೆಯ ಮರುಭೂಮಿ.

ಊರಿಗೆ ಮೊದಲು ಪೆನ್ಷನ್ ಹುಟ್ಟಬೇಕಾಯಿತು. ಕೈಯಲ್ಲಿ ಕಾಸಿಲ್ಲದ ಮುದುಕನಿಗೆ ಮಕ್ಕಳ ಮನೆ, ಅದಿಲ್ಲದಿದ್ದರೆ ಅನಾಥಾಲಯ, ಈ ಎರಡೇ ದಾರಿ. ಹತ್ತೊಂಬತ್ತನೆಯ ಶತಮಾನದ ಅಮೆರಿಕೆಯಲ್ಲಿ ಜಿಲ್ಲೆಜಿಲ್ಲೆಗೂ ಬಡವರ ಮನೆಗಳಿದ್ದುವು. ನಿರ್ಗತಿಕರಾದ ವೃದ್ಧರು ಅಲ್ಲಿ ಹೋಗಿ ಸೇರುತ್ತಿದ್ದರು. ಅಲ್ಲಿ ಸಾಯುವ ಹೆದರಿಕೆ ಸಾವಿನ ಹೆದರಿಕೆಗಿಂತ ದೊಡ್ಡದಾಗಿತ್ತು. ಜರ್ಮನಿಯಲ್ಲಿ ಬಿಸ್ಮಾರ್ಕನು 1889ರಲ್ಲಿ ವೃದ್ಧಾಪ್ಯ ವೇತನದ ಕಾನೂನು ತಂದಾಗ ಅದಕ್ಕೆ ಅರ್ಹತೆಯ ವಯಸ್ಸು ಎಪ್ಪತ್ತು. ಅಷ್ಟು ಕಾಲ ಬದುಕುತ್ತಿದ್ದ ಕೂಲಿಕಾರರೇ ಕಡಮೆ. ಅಮೆರಿಕೆಯಲ್ಲಿ ರೂಸ್ವೆಲ್ಟರ ಸರ್ಕಾರ 1935ರಲ್ಲಿ ಸಾಮಾಜಿಕ ಭದ್ರತೆಯ ಶಾಸನವನ್ನು ಮಾಡಿ ಅರವತ್ತೈದನ್ನು ಗೊತ್ತುಪಡಿಸಿತು. ತಿಂಗಳ ವೇತನದ ಮೊದಲ ಚೆಕ್ಕು 1940ರ ಜನವರಿ 31ರಂದು ವರ್ಮಾಂಟ್ ಸಂಸ್ಥಾನದ ಐಡಾ ಮೇ ಫುಲ್ಲರ್ ಎಂಬ ಮಹಿಳೆಯ ಹೆಸರಿನಲ್ಲಿ ಹೊರಟಿತು. ಮೊತ್ತ 22 ಡಾಲರು 54 ಸೆಂಟು. ಆಕೆ ನೂರು ವರ್ಷ ಬದುಕಿ 1975ರಲ್ಲಿ ತೀರಿಕೊಂಡರು. ಶಾಸನ ಮಾಡಿದವರು ಎಣಿಸಿದುದಕ್ಕಿಂತ ಬಾಳು ದೊಡ್ಡದಾಗುವ ಕಾಲ ಬಂದಿತ್ತು.

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಇನ್ನೂ ಕೆಲವು ಕಾರಣಗಳು ಕೂಡಿಕೊಂಡುವು. ದೊಡ್ಡ ಕಾರ್ಖಾನೆಗಳು ತಮ್ಮ ಕೆಲಸಗಾರರಿಗೆ ಪ್ರತ್ಯೇಕವಾಗಿ ಪೆನ್ಷನ್ ಕೊಡತೊಡಗಿದುವು. ಮನೆಮನೆಗೂ ಕಾರು ಬಂತು. 1956ರ ಶಾಸನದಿಂದ ದೇಶದುದ್ದಕ್ಕೂ ಹೆದ್ದಾರಿಗಳು ಹರಡಿದುವು. ಮನೆಯೊಳಗಿನ ಗಾಳಿಯನ್ನು ತಂಪುಮಾಡುವ ಯಂತ್ರ ಅಗ್ಗವಾಯಿತು. ಹಾಗಾಗಿ ಬೇಸಿಗೆಯಲ್ಲಿ ಕುಲುಮೆಯಂತೆ ಉರಿಯುವ ಅರಿಜೋನವೂ ವಾಸಕ್ಕೆ ಯೋಗ್ಯವಾಯಿತು. ಮಂಜು ಬೀಳುವ ಉತ್ತರದ ನಗರಗಳಲ್ಲಿ ಕೆಮ್ಮುತ್ತ ಕುಳಿತಿದ್ದ, ಕೈಯಲ್ಲಿ ಸ್ವಲ್ಪ ಹಣವಿದ್ದ, ಇನ್ನೂ ಹದಿನೈದು ವರ್ಷ ಆಯುಸ್ಸಿದ್ದ ಜನ ಲಕ್ಷೋಪಲಕ್ಷವಾದರು. ಅವರಿಗೆ ಮಾಡಲು ಕೆಲಸವಿರಲಿಲ್ಲ.

ಇವರಿಗೆ ಒಂದು ಊರು ಬೇಕೆಂದು ಮೊದಲು ಯೋಚಿಸಿದವನು ಬೆನ್ ಷ್ಲೈಫರ್. ರಷ್ಯದಿಂದ ವಲಸೆ ಬಂದ ಯಹೂದಿ. ಅರಿಜೋನದ ಫೀನಿಕ್ಸ್ ನಗರದಲ್ಲಿ ಮನೆ ನಿವೇಶನಗಳ ದಲ್ಲಾಳಿ. ವೃದ್ಧಾಲಯವೊಂದರಲ್ಲಿದ್ದ ತನ್ನ ಸ್ನೇಹಿತನನ್ನು ನೋಡಲು ಹೋಗಿದ್ದಾಗ, ಅಲ್ಲಿ ಸಾವಿಗಾಗಿ ಕಾಯುತ್ತ ಕುಳಿತಿದ್ದವರ ಸ್ಥಿತಿ ಅವನ ಮನಸ್ಸನ್ನು ಕಲಕಿತಂತೆ. ಮುದುಕರು ತಮ್ಮದೇ ಮನೆಯಲ್ಲಿ, ತಮ್ಮದೇ ಕಾಸಿನಲ್ಲಿ, ಯಾರ ಅಪ್ಪಣೆಗೂ ಕಾಯದೆ ಇರುವ ಊರೊಂದನ್ನು ಕಟ್ಟಬೇಕೆಂದು ಅವನು ಫೀನಿಕ್ಸಿನ ಪಶ್ಚಿಮಕ್ಕೆ 320 ಎಕರೆ ಜಮೀನನ್ನು ಹಿಡಿದು 1954ರಲ್ಲಿ ಕೆಲಸ ಪ್ರಾರಂಭಿಸಿದ. ಊರಿಗೆ ಇಟ್ಟ ಹೆಸರು ಯಂಗ್‌ಟೌನ್, ಎಂದರೆ ಎಳೆಯರ ಊರು! ಆದರೆ ನಿಜವಾದ ಎಳೆಯರಿಗೆ ಅಲ್ಲಿ ಎಡೆಯಿರಲಿಲ್ಲ. ಮನೆಗಳು ಚಿಕ್ಕವು, ಸಾದಾ, ಬೆಲೆಯೂ ಕಡಮೆ. ದೊಡ್ಡ ಮೋಜುಗಳೇನೂ ಇರಲಿಲ್ಲ. ಷ್ಲೈಫರನಿಗೆ ಇದರಿಂದ ಐಶ್ವರ್ಯ ಬರಲಿಲ್ಲ. ದಾರಿ ತೋರಿಸಿದವರಿಗೆ ಬರುವುದೂ ಅಪರೂಪ.

ಐಶ್ವರ್ಯ ಬಂದದ್ದು ಪಕ್ಕದ ಜಮೀನಿನಲ್ಲಿ. ಡೆಲ್ ವೆಬ್ ಎಂಬಾತ ಬಡಗಿಯಾಗಿ ಬದುಕು ಆರಂಭಿಸಿ ದೇಶದ ದೊಡ್ಡ ಕಂಟ್ರಾಕ್ಟರುಗಳಲ್ಲಿ ಒಬ್ಬನಾಗಿದ್ದವನು. ನ್ಯೂಯಾರ್ಕಿನ ಪ್ರಸಿದ್ಧ ಬೇಸ್‌ಬಾಲ್ ತಂಡದ ಪಾಲುದಾರ. ಅವನ ಕಂಪೆನಿಯವರು ಯಂಗ್‌ಟೌನನ್ನು ನೋಡಿದರು. ತಾವೂ ಇದನ್ನು ದೊಡ್ಡದಾಗಿ ಮಾಡಬಹುದೆಂದು ಯೋಚಿಸಿದರು. ಪಂಡಿತರನ್ನು ಕೇಳಿದಾಗ, ವಯಸ್ಸಾದವರು ಮಕ್ಕಳು ಮೊಮ್ಮಕ್ಕಳನ್ನು ಬಿಟ್ಟು ದೂರ ಬರಲಾರರು, ಈ ಯೋಜನೆ ನೆಲಕಚ್ಚುತ್ತದೆ ಎಂಬ ಉತ್ತರ ಬಂತು. ಆದರೆ ಕಂಪೆನಿಯವರು ಅಷ್ಟಕ್ಕೆ ಬಿಡದೆ ಫ್ಲಾರಿಡಕ್ಕೆ ಹೋಗಿ, ಅಲ್ಲಿ ನೆಲೆಸಿದ್ದ ನಿವೃತ್ತರನ್ನೇ ವಿಚಾರಿಸಿದರು. ಮೊಮ್ಮಕ್ಕಳು ಬಂದರೆ ಸಂತೋಷ, ಹಿಂದಿರುಗಿ ಹೋದರೂ ಸಂತೋಷ ಎಂಬ ಧಾಟಿಯ ಉತ್ತರ ಸಿಕ್ಕಿತು. ಪಂಡಿತರು ಮುದುಕರ ವಿಷಯವನ್ನು ಬಲ್ಲವರಾಗಿದ್ದರು, ಮುದುಕರನ್ನು ಕೇಳಿರಲಿಲ್ಲ.

ಹತ್ತಿಯ ಹೊಲಗಳ ನಡುವೆ ಕಟ್ಟಿದ ಈ ಊರಿನ ಹೆಸರು ಸನ್ ಸಿಟಿ. ಹೆಸರನ್ನೂ ಒಂದು ಸ್ಪರ್ಧೆ ನಡಸಿಯೇ ಆರಿಸಿದ್ದರು. 1960ರ ಜನವರಿ 1ರಂದು ಐದು ಮಾದರಿ ಮನೆಗಳನ್ನು ಪ್ರದರ್ಶನಕ್ಕೆ ತೆರೆದರು. ಮನೆಗಳಿಗಿಂತ ಮೊದಲೇ ಗಾಲ್ಫ್ ಮೈದಾನ, ಈಜುಕೊಳ, ಕೈಕಸುಬಿನ ಕೊಠಡಿಗಳು, ಅಂಗಡಿ ಸಾಲು ಸಿದ್ಧವಾಗಿದ್ದುವು. ವೆಬ್‌ನ ಜಾಣತನವೆಲ್ಲ ಅದರಲ್ಲಿತ್ತು. ಮೊದಲು ಸೌಕರ್ಯಗಳನ್ನು ಕಣ್ಣಿಗೆ ತೋರಿಸಿ, ಆಮೇಲೆ ಮನೆ ಮಾರುವ ಪದ್ಧತಿ ಅದು. ಚಿಕ್ಕ ಮನೆಯ ಬೆಲೆ ಸುಮಾರು ಎಂಟೂವರೆ ಸಾವಿರ ಡಾಲರು. ಮೂರು ದಿನಗಳಲ್ಲಿ ಸುಮಾರು ಒಂದು ಲಕ್ಷ ಜನ ಬಂದು ನೋಡಿದರೆಂದೂ 237 ಮನೆಗಳು ಮಾರಿಹೋದುವೆಂದೂ ದಾಖಲೆಯಿದೆ. ಗ್ರ್ಯಾಂಡ್ ಅವೆನ್ಯೂ ಎಂಬ ಹೆದ್ದಾರಿಯಲ್ಲಿ ಕಾರುಗಳ ಸಾಲು ದೂರದವರೆಗೆ ನಿಂತಿತ್ತು. 1962ರ ಆಗಸ್ಟಿನಲ್ಲಿ ವೆಬ್‌ನ ಚಿತ್ರ ‘ಟೈಮ್’ ಪತ್ರಿಕೆಯ ಮುಖಪುಟದಲ್ಲಿ ಬಂತು. ಮುಂದೆ ಸನ್ ಸಿಟಿಯ ಜನಸಂಖ್ಯೆ ಸುಮಾರು ನಲವತ್ತು ಸಾವಿರಕ್ಕೆ ಏರಿತು. ಅದನ್ನು ನೋಡಿ ದೇಶದಲ್ಲೆಲ್ಲ ಅಂಥ ಊರುಗಳೆದ್ದುವು. ಫ್ಲಾರಿಡದ ‘ದಿ ವಿಲೇಜಸ್’ ಎಂಬ ಊರುಗಳ ಸಮೂಹದಲ್ಲಿ ಇಂದು ಲಕ್ಷಕ್ಕೂ ಮಿಗಿಲಾದ ಜನರಿದ್ದಾರೆ.

ಜನ ಯಾಕೆ ಹೀಗೆ ಮುಗಿಬಿದ್ದರು? ಗಾಲ್ಫಿಗಾಗಿ ಎಂದರೆ ಅರ್ಧ ಉತ್ತರವಷ್ಟೇ ಆಗುತ್ತದೆ. ಕೆಲಸ ಮಾಡುವವರ ಊರಿನಲ್ಲಿ ಕೆಲಸವಿಲ್ಲದವನ ಸ್ಥಿತಿ ಮದುವೆ ಮನೆಯಲ್ಲಿ ಕರೆಯದೆ ಬಂದವನ ಹಾಗೆ. ಬೆಳಿಗ್ಗೆ ಎಲ್ಲರೂ ಅವಸರವಸರವಾಗಿ ಹೊರಟುಹೋಗುತ್ತಾರೆ. ಇವನೊಬ್ಬ ಪತ್ರಿಕೆಯನ್ನು ಎರಡನೆಯ ಸಲ ಓದುತ್ತ ಕುಳಿತಿರುತ್ತಾನೆ. ಎಲ್ಲರೂ ಪತ್ರಿಕೆಯನ್ನು ಎರಡು ಸಲ ಓದುವ ಊರಿನಲ್ಲಿ ಅವನಿಗೆ ಸಂಕೋಚವಿಲ್ಲ. ಸನ್ ಸಿಟಿಗೆ ಪುರಸಭೆಯಿಲ್ಲ. ಬೀದಿಯಂಚಿನ ಕಸ ತೆಗೆಯುವುದರಿಂದ ಹಿಡಿದು ರಾತ್ರಿಯ ಗಸ್ತಿನವರೆಗೆ ಎಷ್ಟೋ ಕೆಲಸಗಳನ್ನು ಅಲ್ಲಿನ ನಿವಾಸಿಗಳೇ ಸಂಬಳವಿಲ್ಲದೆ ಹೊತ್ತುಕೊಂಡರು. ನಿವೃತ್ತ ಬ್ಯಾಂಕ್ ಅಧಿಕಾರಿ ಕಸದ ಚೀಲ ಹಿಡಿದು ನಡೆದರೆ ನಗುವವರಿಲ್ಲದ ಊರು ಅದು.

ಬಲ್ಲವರಲ್ಲಿ ಇದನ್ನು ಖಂಡಿಸಿದವರಿದ್ದರು. ನಗರಗಳ ಇತಿಹಾಸಕಾರ ಲೂಯಿಸ್ ಮಮ್ಫರ್ಡ್, ಸನ್ ಸಿಟಿ ಹುಟ್ಟುವ ನಾಲ್ಕು ವರ್ಷ ಮೊದಲೇ, 1956ರಲ್ಲಿ, ಒಂದು ಲೇಖನ ಬರೆದು ವೃದ್ಧರನ್ನು ಪ್ರತ್ಯೇಕಿಸಬಾರದು, ಎಲ್ಲ ವಯಸ್ಸಿನವರ ನೆರೆಯಲ್ಲೇ ಅವರಿಗೆ ಮನೆಗಳಿರಬೇಕು ಎಂದು ವಾದಿಸಿದ. ಕೇಳಿದೊಡನೆ ನಮಗೆ ಸರಿಯೆನ್ನಿಸುವ ಮಾತು. ಆದರೆ 1967ರಲ್ಲಿ ಅರ್ವಿಂಗ್ ರೋಸೋ ಎಂಬ ಸಮಾಜಶಾಸ್ತ್ರಜ್ಞ ಕ್ಲೀವ್‌ಲೆಂಡ್ ನಗರದ ವೃದ್ಧರ ಬದುಕನ್ನು ಪರೀಕ್ಷಿಸಿ ಪ್ರಕಟಿಸಿದ ಗ್ರಂಥ ಬೇರೆಯ ಮಾತನ್ನು ಹೇಳಿತು. ಸಮವಯಸ್ಕರು ಹೆಚ್ಚಾಗಿದ್ದ ಕಟ್ಟಡಗಳಲ್ಲಿ ವೃದ್ಧರಿಗೆ ಸ್ನೇಹಿತರೂ ಹೆಚ್ಚಾಗಿದ್ದರು. ಕಿರಿಯರ ನಡುವೆ ಇದ್ದ ಮಾತ್ರಕ್ಕೆ ಕಿರಿಯರ ಸ್ನೇಹ ದೊರೆಯುತ್ತಿರಲಿಲ್ಲ. 1973ರಲ್ಲಿ ಆರ್ಲಿ ಹಾಕ್‌ಷೀಲ್ಡ್ ಎಂಬ ವಿದುಷಿ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಬಳಿಯ ಒಂದು ಸಾಧಾರಣ ವಸತಿಗೃಹದ ವೃದ್ಧರನ್ನು ಕುರಿತು ಬರೆದಳು. ಅವರಲ್ಲಿ ಬಹುಮಂದಿ ವಿಧವೆಯರು. ಒಬ್ಬರಿಗೊಬ್ಬರು ಅಕ್ಕತಂಗಿಯರಂತೆ ಇದ್ದರು. ಬೆಳಿಗ್ಗೆ ಒಬ್ಬಳ ಕಿಟಕಿಯ ಪರದೆ ಸರಿಯದಿದ್ದರೆ ಮತ್ತೊಬ್ಬಳಿಗೆ ಗೊತ್ತಾಗುತ್ತಿತ್ತು. ದೊಡ್ಡ ಮನೆಯ ಮೂಲೆಯ ಕೋಣೆಯಲ್ಲಿ ಒಂಟಿಯಾಗಿರುವುದಕ್ಕಿಂತ ಇದು ಮೇಲಲ್ಲವೆನ್ನಲು ನನಗೆ ಧೈರ್ಯವಿಲ್ಲ.

ಹಾಗಾದರೆ ಬೇಲಿಯ ಬೆಲೆ ಎಲ್ಲಿ ತೆರಬೇಕಾಯಿತು? ಎರಡು ಕಡೆ. ಮೊದಲನೆಯದು ನೆರೆಯವರ ಮಕ್ಕಳ ಶಾಲೆಯಲ್ಲಿ.

ಸನ್ ಸಿಟಿ ಮೊದಲು ಪಿಯೋರಿಯ ಎಂಬ ಊರಿನ ಶಾಲಾ ವಿಭಾಗಕ್ಕೆ ಸೇರಿತ್ತು. ಅಮೆರಿಕೆಯಲ್ಲಿ ಶಾಲೆಗಳ ಖರ್ಚಿಗೆ ಆ ವಿಭಾಗದ ಮನೆಗಳ ಮೇಲೆ ತೆರಿಗೆ. ಹೊಸ ಕಟ್ಟಡಕ್ಕೆ ಸಾಲ ಎತ್ತಬೇಕಾದರೆ ಅಲ್ಲಿನ ಮತದಾರರು ಒಪ್ಪಬೇಕು. ಪಿಯೋರಿಯದಲ್ಲಿ ಮಕ್ಕಳು ಹೆಚ್ಚಿದರು. ಸನ್ ಸಿಟಿಯಲ್ಲಿ ಮತಗಳು ಹೆಚ್ಚಿದುವು. 1962ರಿಂದ 1974ರವರೆಗೆ ಶಾಲೆಗಳ ಸಾಲಪತ್ರದ ಹದಿನೇಳು ಪ್ರಸ್ತಾವಗಳು ಸನ್ ಸಿಟಿಯವರ ಮತಗಳಿಂದ ಬಿದ್ದುಹೋದುವು. ಕಟ್ಟಡ ಸಾಲದೆ ಮಕ್ಕಳು ಪಾಳಿಯ ಮೇಲೆ ಓದಬೇಕಾಯಿತು. ಕೊನೆಗೆ 1974ರಲ್ಲಿ ಸನ್ ಸಿಟಿಯನ್ನು ಆ ವಿಭಾಗದಿಂದಲೇ ಬೇರ್ಪಡಿಸಿದರು. ಹಿರಿಯರ ಕಡೆಯ ವಾದವೂ ಇತ್ತು: ತಮ್ಮ ಮಕ್ಕಳ ಶಾಲೆಗೆ ತಾವು ಬೇರೆ ಊರಿನಲ್ಲಿ ತೆರಿಗೆ ಕೊಟ್ಟು ತೀರಿಸಿದ್ದೇವೆ, ಗೊತ್ತಾದ ಪೆನ್ಷನಿನಲ್ಲಿ ಬದುಕುವವರಿಗೆ ಏರುವ ತೆರಿಗೆ ಭಾರ. ಇದೂ ಸುಳ್ಳಲ್ಲ. ಆದರೆ ಬೆಳಿಗ್ಗೆ ಚೀಲ ಹೊತ್ತು ಶಾಲೆಗೆ ಹೋಗುವ ಮಗುವನ್ನು ದಿನವೂ ಕಿಟಕಿಯಿಂದ ನೋಡುತ್ತಿದ್ದವರಾಗಿದ್ದರೆ, ಹದಿನೇಳು ಸಲ ಇಲ್ಲವೆನ್ನಲು ಅವರ ಕೈ ಬರುತ್ತಿತ್ತೆ? ಕಣ್ಣಿಗೆ ಕಾಣದ ಮಗು ಮತಪತ್ರದ ಮೇಲೆ ಬರಿಯ ಒಂದು ಅಂಕಿಯಾಗುತ್ತದೆ.

ಎರಡನೆಯದು ಇನ್ನೂ ಹತ್ತಿರದ್ದು, ಬೇಲಿಯ ಒಳಗಿನವರದೇ. ಅದನ್ನು ಹೇಳುವ ಮೊದಲು ಕಾನೂನಿನ ಎರಡು ಮಾತು ಬೇಕು. ಮಕ್ಕಳಿರುವವರಿಗೆ ಬಾಡಿಗೆ ಮನೆ ಸಿಕ್ಕುವುದು ಅಮೆರಿಕೆಯಲ್ಲಿ ಕಷ್ಟವಾಗಿತ್ತು. 1980ರ ಒಂದು ಸರ್ಕಾರಿ ಸಮೀಕ್ಷೆಯಂತೆ ಸುಮಾರು ಕಾಲುಭಾಗ ಬಾಡಿಗೆ ಮನೆಗಳವರು ಮಕ್ಕಳನ್ನು ಸೇರಿಸುತ್ತಿರಲಿಲ್ಲ. ಆದುದರಿಂದ 1988ರಲ್ಲಿ, ಮಕ್ಕಳಿದ್ದಾರೆಂಬ ಕಾರಣಕ್ಕೆ ಮನೆ ನಿರಾಕರಿಸುವುದು ಅಪರಾಧವೆಂದು ಶಾಸನ ಮಾಡಿದರು. ವೃದ್ಧರ ಊರುಗಳಿಗೆ ಮಾತ್ರ ವಿನಾಯಿತಿ ಕೊಟ್ಟರು: ಎಲ್ಲರೂ ಅರವತ್ತೆರಡು ದಾಟಿರಬೇಕು, ಇಲ್ಲವೆ ನೂರಕ್ಕೆ ಎಂಬತ್ತು ಮನೆಗಳಲ್ಲಿ ಒಬ್ಬರಾದರೂ ಐವತ್ತೈದು ದಾಟಿರಬೇಕು. ವೃದ್ಧರಿಗೆ ವಿಶೇಷ ಸೌಕರ್ಯಗಳಿರಲೇಬೇಕೆಂಬ ಷರತ್ತನ್ನು 1995ರಲ್ಲಿ ಕೈಬಿಟ್ಟರು. ನಮ್ಮ ರಾಯರ ಪುಸ್ತಿಕೆಯಲ್ಲಿದ್ದ ಐವತ್ತೈದರ ಅಂಕಿ, ಬಹುಶಃ, ಈ ದೂರದ ಶಾಸನದ ನೆರಳು.

ಈಗ ಯಂಗ್‌ಟೌನಿಗೆ ಹಿಂದಿರುಗೋಣ. 1990ರ ದಶಕದ ಉತ್ತರಾರ್ಧದಲ್ಲಿ ಅಲ್ಲಿನ ವೃದ್ಧ ದಂಪತಿಗಳೊಬ್ಬರ ಮನೆಗೆ ಹದಿಹರೆಯದ ಮೊಮ್ಮಗ ಬಂದ. ತನ್ನ ಮನೆಯಲ್ಲಿ ಇರಲಾರದೆ ಬಂದ ಹುಡುಗ. ಅಜ್ಜ ಅಜ್ಜಿ ಬಾಗಿಲು ತೆರೆದರು. ಬೇರೆ ಯಾರಾದರೂ ಏನು ಮಾಡಿಯಾರು? ಊರಿನ ಆಡಳಿತ ನಿಯಮದ ಪುಸ್ತಕ ತೆರೆಯಿತು. ಹುಡುಗನನ್ನು ಕಳುಹಿಸಿ, ಇಲ್ಲವೆ ದಿನಕ್ಕಿಷ್ಟೆಂದು ದಂಡ ತೆರಿ ಎಂಬ ಮಾತು ಬಂತು. ದಂಪತಿಗಳು ಕಳುಹಿಸಲಿಲ್ಲ. ವಿಷಯ ಪತ್ರಿಕೆಗಳಿಗೆ ಹೋಯಿತು, ಸಂಸ್ಥಾನದ ಅಟಾರ್ನಿ ಜನರಲ್ ಕಛೇರಿಗೆ ಹೋಯಿತು. ವಿಚಾರಣೆಯಲ್ಲಿ ಆ ಊರಿನ ವಯೋನಿರ್ಬಂಧಕ್ಕೆ ಕಾನೂನಿನ ಬುನಾದಿಯೇ ಭದ್ರವಾಗಿಲ್ಲವೆಂದು ತೋರಿಬಂತು. 1998ರಲ್ಲಿ ನಿರ್ಬಂಧ ತೊಲಗಿತು. ಎಳೆಯರ ಊರಿಗೆ ನಲವತ್ತನಾಲ್ಕು ವರ್ಷಗಳ ಮೇಲೆ ಎಳೆಯರು ಬಂದರು. 1990ರ ಜನಗಣತಿಯಲ್ಲಿ ಎರಡೂವರೆ ಸಾವಿರದಷ್ಟಿದ್ದ ಜನ 2010ರ ಹೊತ್ತಿಗೆ ಆರು ಸಾವಿರವನ್ನು ದಾಟಿದರು.

ಈ ಕಥೆಯಲ್ಲಿ ಯಾರನ್ನೂ ದುಷ್ಟರೆನ್ನಲು ಆಗುವುದಿಲ್ಲ. ನೆಮ್ಮದಿಯನ್ನು ನಂಬಿ, ಇದ್ದಬದ್ದುದನ್ನೆಲ್ಲ ಮಾರಿ ಅಲ್ಲಿಗೆ ಬಂದಿದ್ದ ನೆರೆಯವರಿಗೆ ನಿಯಮ ಮುರಿಯುವುದೆಂದರೆ ಮಾತು ಮುರಿದಂತೆ. ಅಜ್ಜ ಅಜ್ಜಿಗೆ ನಿಯಮ ಪಾಲಿಸುವುದೆಂದರೆ ಹುಡುಗನನ್ನು ಬೀದಿಗೆ ಬಿಟ್ಟಂತೆ. ಮನೆ ಕೊಂಡ ದಿನ ಆ ದಂಪತಿಗಳೂ ನಿಯಮಕ್ಕೆ ಸಂತೋಷವಾಗಿಯೇ ರುಜು ಹಾಕಿದ್ದಿರಬೇಕು. ಅಂದು ಆ ಹುಡುಗ ಅವರ ಬಾಗಿಲಲ್ಲಿ ನಿಂತಿರಲಿಲ್ಲ, ಅಷ್ಟೇ ವ್ಯತ್ಯಾಸ.

ಇನ್ನೊಂದು ಮಾತನ್ನೂ ಇತಿಹಾಸ ಹೇಳುತ್ತದೆ. ಊರಿಗೂ ವಯಸ್ಸಾಗುತ್ತದೆ. 1960ರಲ್ಲಿ ಈಜುಕೊಳಕ್ಕೆ ಹಾರಿದವರು 1970ರ ಹೊತ್ತಿಗೆ ಆಸ್ಪತ್ರೆ ಬೇಡಿದರು; ಆ ವರ್ಷವೇ ಸನ್ ಸಿಟಿಯಲ್ಲಿ ಆಸ್ಪತ್ರೆ ತೆರೆಯಿತು. ಎಲ್ಲ ವಯಸ್ಸಿನವರಿರುವ ಬೀದಿಯಲ್ಲಿ ಸಾವು ವರ್ಷಕ್ಕೊಮ್ಮೆ ಬಂದು ಹೋಗುತ್ತದೆ. ನಡುನಡುವೆ ತೊಟ್ಟಿಲು, ತೋರಣಗಳೂ ಬರುತ್ತವೆ. ಒಂದೇ ವಯಸ್ಸಿನವರ ಬೀದಿಗೆ ಬರುವುದು ಒಂದೇ ಬಗೆಯ ಸುದ್ದಿ. ಇದನ್ನು ತಡೆದುಕೊಳ್ಳಬಲ್ಲವರೂ ಇದ್ದಾರೆ, ಆಗದವರೂ ಇದ್ದಾರೆ. ತಾವು ಯಾರೆಂಬುದನ್ನು ಅವರವರೇ ತಿಳಿಯಬೇಕು.

ಬೆಂಗಳೂರಿಗೆ ಇದನ್ನು ಹೋಲಿಸಿ ನೋಡಿದರೆ ನಗು ಬರುತ್ತದೆ. ಪೆನ್ಷನ್‌ದಾರರ ಸ್ವರ್ಗವೆಂದು ಈ ನಗರಕ್ಕೆ ಒಂದು ಕಾಲದಲ್ಲಿ ಹೆಸರಿತ್ತು. 1898ರ ಪ್ಲೇಗಿನ ನಂತರ ತುಂಬಿಕೊಂಡ ಬಸವನಗುಡಿ ಮಲ್ಲೇಶ್ವರಗಳಲ್ಲಿ ನಿವೃತ್ತ ಅಮಲ್ದಾರರೂ ಮೇಷ್ಟ್ರುಗಳೂ ಮನೆ ಕಟ್ಟಿ ಕುಳಿತರು. ಸಂಜೆ ಬ್ಯೂಗಲ್ ರಾಕಿನ ಬಂಡೆಗಳ ಮೇಲೆ ಸೇರಿ ರಾಜ್ಯಭಾರವನ್ನು ಪುನಃ ನಡಸಿದರು. ಆದರೆ ಅದೇ ಬಂಡೆಗಳ ಮೇಲೆ ಹುಡುಗರೂ ಜಾರುತ್ತಿದ್ದರು. ಬೇಲಿ ಬೇಕಾಗಿರಲಿಲ್ಲ, ಏಕೆಂದರೆ ಒಳಗೆ ಬೇಕಾದವರು ಮನೆಯಲ್ಲೇ ಇದ್ದರು. ಈಗ ಹಾಗಿಲ್ಲ. ಹುಡುಗರು ಡಾಲಸ್ಸಿನಲ್ಲಿಯೋ ಸಿಡ್ನಿಯಲ್ಲಿಯೋ ಜಾರುತ್ತಿದ್ದಾರೆ. ಹಳೆಯ ಮನೆಯ ಮೆಟ್ಟಿಲು ಹತ್ತಲು ಮಂಡಿ ಒಪ್ಪುವುದಿಲ್ಲ. ರಾತ್ರಿ ಎದೆ ನೊಂದರೆ ಬಾಗಿಲು ತಟ್ಟಲು ನೆರೆಯವರ ಹೆಸರೇ ಗೊತ್ತಿಲ್ಲ. ಪುಣೆ, ಕೊಯಮತ್ತೂರು, ಚೆನ್ನೈ, ಬೆಂಗಳೂರುಗಳ ಸುತ್ತ ಹಿರಿಯರ ಬಡಾವಣೆಗಳು ಏಳುತ್ತಿರುವುದು ಫ್ಯಾಷನ್ನಿಗಾಗಿ ಅಲ್ಲ. ತಂದೆತಾಯಿಯರ ಪೋಷಣೆ ಮಕ್ಕಳ ಹೊಣೆಯೆಂದು 2007ರಲ್ಲಿ ನಮ್ಮ ಸಂಸತ್ತು ಕಾನೂನು ಮಾಡಿತು. 2019ರಲ್ಲಿ ಕೇಂದ್ರದ ವಸತಿ ಮಂತ್ರಾಲಯ ಇಂಥ ಬಡಾವಣೆಗಳಿಗೆಂದು ಮಾದರಿ ಸೂಚನೆಗಳನ್ನೂ ಹೊರಡಿಸಿತು. ಆದರೆ ಐವತ್ತೈದರ ನಿಯಮ ನಮ್ಮಲ್ಲಿ ಮುಖ್ಯವಾಗಿ ಕರಾರುಪತ್ರದ ಮಾತು. ಕೊಳ್ಳುವವನು ಅದನ್ನು ಓದಿಯೇ ತಿಳಿಯಬೇಕು.

ಇಷ್ಟನ್ನೂ ಟಿಪ್ಪಣಿ ಮಾಡಿಕೊಂಡು ನಾನು ರಾಯರ ಮನೆಗೆ ಹೋದೆ. ಓದಿ ಮುಗಿಸಿದಾಗ ರಾಯರು, “ಹಾಗಾದರೆ ಬೇಡವೆಂದೇ ನಿಮ್ಮ ಅಭಿಪ್ರಾಯ” ಎಂದರು. ಅವರ ದನಿಯಲ್ಲಿ ಬಿಡುಗಡೆಯೇ ಕೇಳಿಸಿತು. ಅವರ ಪತ್ನಿಯೂ ಸಂತೋಷಪಡುವರೆಂದು ನಾನು ಭಾವಿಸಿದ್ದೆ. ಆಕೆ ಕಾಫಿಯ ಲೋಟಗಳನ್ನು ಕೆಳಗಿಟ್ಟು ಹೇಳಿದರು:

“ಮೇಷ್ಟ್ರೇ, ನಲವತ್ತಮೂರು ವರ್ಷದಿಂದ ದಿನಾ ಬೆಳಿಗ್ಗೆ ಎದ್ದ ಕೂಡಲೆ ಇವತ್ತೇನು ಅಡಿಗೆ ಅಂತ ಯೋಚನೆ ಮಾಡಿದ್ದೇನೆ. ಆ ಪುಸ್ತಕದಲ್ಲಿ ಊಟದ ಮನೆ ಅಂತ ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ಇವರಿಗೆ ಮನೆ ಬಿಡಬೇಕಲ್ಲ ಅಂತ ಸಂಕಟ. ನನಗೆ ಒಲೆ ಬಿಡಬಹುದಲ್ಲ ಅಂತ ಆಸೆ.”

ಫ್ಲಾರಿಡದ ನಿವೃತ್ತರನ್ನು ಕೇಳದೆ ಉತ್ತರ ಹೇಳಿದ ಪಂಡಿತರ ನೆನಪು ನನಗಾಯಿತು. ನಾನೂ ಅಂಥವನೇ ಆಗಿದ್ದೆ. ಮರುವಾರ ಮೂವರೂ ಕೂಡಿ ಆ ಬಡಾವಣೆಗೆ ಹೋದೆವು. ರಾಯರು ತೋಟವನ್ನೂ ಮಂದಿರವನ್ನೂ ನೋಡಿದರು. ಆಕೆ ಊಟದ ಮನೆಯಲ್ಲಿ ಎಲೆಯ ಮುಂದೆ ಕುಳಿತು, ಬಡಿಸಿದ ಹುಳಿಗೆ ಇನ್ನಷ್ಟು ಹುಣಿಸೆ ಬೇಕಿತ್ತೆಂದು ಹೇಳಿ, ಸಂತೋಷದಿಂದಲೇ ಎರಡನೆಯ ಸಲ ಬಡಿಸಿಕೊಂಡರು. ಕೈ ತೊಳೆದು ಬಂದವರು ಮೇನೇಜರನ್ನು ನೇರವಾಗಿ ಕೇಳಿದರು:

“ನಮ್ಮ ಮಗಳ ಮಗ ಒಂದು ವರ್ಷ ನಮ್ಮ ಜೊತೆ ಇರಬೇಕಾಗಿ ಬಂದರೆ?”

ಮೇನೇಜರು ಸಭ್ಯ ಮನುಷ್ಯ. ಮೂವತ್ತು ದಿನದ ನಿಯಮವನ್ನು ಓದಿ ಹೇಳಿದರು. ಅದಕ್ಕಿಂತ ಹೆಚ್ಚಾದರೆ ಸಮಿತಿಯನ್ನು ಕೇಳಬೇಕು, ಇದುವರೆಗೆ ಯಾರೂ ಕೇಳಿಲ್ಲ ಎಂದರು. “ಬರೆದು ಕೊಡುತ್ತೀರಾ?” ಎಂದು ಆಕೆ ಕೇಳಿದರು. ಬರೆದು ಕೊಡುವ ಅಧಿಕಾರ ಅವರಿಗಿರಲಿಲ್ಲ.

ಹತ್ತನೆಯ ತಾರೀಖು ಕಳೆಯಿತು. ರಾಯರು ಮುಂಗಡ ಕಟ್ಟಲಿಲ್ಲ, ಮನೆ ಮಾರಲಿಲ್ಲ. ಆದರೆ ಅಲ್ಲಿಯೇ ಒಂದು ಚಿಕ್ಕ ಮನೆಯನ್ನು ಹನ್ನೊಂದು ತಿಂಗಳ ಬಾಡಿಗೆಗೆ ಹಿಡಿದಿದ್ದಾರೆ. ಬರುವ ತಿಂಗಳು ಹೋಗುತ್ತಾರೆ. ಇಲ್ಲಿಯ ಮನೆಯ ಮುಂದಿನ ಭಾಗವನ್ನು ಒಂದು ಸಂಸಾರಕ್ಕೆ ಬಾಡಿಗೆಗೆ ಕೊಟ್ಟು, ಹಿಂದಿನ ಎರಡು ಕೋಣೆಗಳನ್ನು ತಮಗೇ ಇಟ್ಟುಕೊಂಡಿದ್ದಾರೆ. ಹುಬ್ಬಳ್ಳಿಯ ಹುಡುಗನ ಪುಸ್ತಕಗಳೂ ಕೇರಂ ಹಲಗೆಯೂ ಅಲ್ಲಿವೆ. ಆ ಕೋಣೆಗಳ ಬೀಗದ ಕೈಯ ಒಂದು ಪ್ರತಿಯನ್ನು ರಾಯರ ಪತ್ನಿ ನಿನ್ನೆ ನಮ್ಮ ಮನೆಯಲ್ಲಿ ಕೊಟ್ಟು ಹೋದರು.